ಸೇತುವೆ ದಾಟಿದ ವಾರ್ತೆ

ಕೇಬಲ್ ಮಾವನಿಗೆ ಸಂತೋಷವಾದರೆ ಅದು ಬೀದಿಗೆಲ್ಲ ಗೊತ್ತಾಗುತ್ತದೆ. ಹೊಟ್ಟೆಯೊಳಗೆ ಇಟ್ಟುಕೊಂಡು ನಗುವ ಜನ ಬೇರೆ, ಇವನು ಬೇರೆ. ಆವತ್ತು ಸೈಕಲ್ ರಿಪೇರಿ ಅಂಗಡಿಯ ಮೇಲಿನ ತನ್ನ ಕೇಬಲ್ ಚಾನೆಲ್ಲಿನ ರೂಮಿನಿಂದ ಮೆಟ್ಟಿಲುಗಳನ್ನು ಹಾರಿ ಇಳಿದು, ಕೊನೆಯದರಲ್ಲಿ ಒಂದು ಚಪ್ಪಲಿ ಕಳಚಿಕೊಂಡು, ಉಳಿದ ಒಂದರಲ್ಲೇ ಮನೆಯ ಕಡೆ ಓಟ ಕಿತ್ತ. ಸೈಕಲ್ ಅಂಗಡಿಯವನು ಆ ಚಪ್ಪಲಿಯನ್ನು ಹಳೆಯ ಟ್ಯೂಬುಗಳ ಪಕ್ಕ ಎತ್ತಿಟ್ಟ. ಅವನಿಗೂ ಅಭ್ಯಾಸವಾಗಿತ್ತು.

ಬಂದದ್ದು ಒಂದು ಫೋನು. ಯಾವುದೋ ದೊಡ್ಡ ಪಟ್ಟಣದ ಕಂಪನಿಯವರು ಹೊಸ ಆ್ಯಪ್ ಮಾಡಿದ್ದರು. ಸಿನಿಮಾಕ್ಕೊಂದು ಆ್ಯಪ್, ಧಾರಾವಾಹಿಗೊಂದು, ಪಂದ್ಯಕ್ಕೆ ಮತ್ತೊಂದು ಎಂದು ಜನ ಫೋನಿನಲ್ಲಿ ಸಂತೆ ಕಟ್ಟಿಕೊಂಡು, ಯಾವುದರಲ್ಲಿ ಏನಿದೆ ಎಂದು ಹುಡುಕುವುದರಲ್ಲೇ ಸಂಜೆ ಕಳೆಯುತ್ತಿದ್ದರಲ್ಲ, ಅದನ್ನೆಲ್ಲ ಒಂದೇ ಕಡೆ ತಂದು ಕೂರಿಸುವ ಆ್ಯಪ್ ಅದು. ಅಷ್ಟೇ ಆಗಿದ್ದರೆ ಮಾವ ಬೈದು ಫೋನಿಡುತ್ತಿದ್ದ. ಅವನ ವ್ಯಾಪಾರದ ಕುತ್ತಿಗೆ ಹಿಸುಕಿದ್ದೇ ಅಂಥ ಆ್ಯಪ್‌ಗಳು. ಆದರೆ ಇವರು ಆಯಾ ಊರಿನ ಪತ್ರಿಕೆ, ರೇಡಿಯೋ, ಕೇಬಲ್ ಚಾನೆಲ್ಲುಗಳನ್ನೂ ಅದರೊಳಗೇ ಸೇರಿಸುತ್ತಾರಂತೆ. ಕೋಟಿ ಸುರಿದು ತೆಗೆದ ಸಿನಿಮಾದ ಪಕ್ಕದಲ್ಲೇ ಮಾವನ ಚಾನೆಲ್ಲಿಗೂ ಪರದೆಯಲ್ಲಿ ಒಂದು ಚೌಕ! ಮೊದಲು ಒಂದು ವಾರ ಪರೀಕ್ಷೆ. ನೋಡುವವರು ಕೊನೆಯವರೆಗೆ ಕೂತರೆ ಆ ಚೌಕ ಮಾವನಿಗೇ ಖಾಯಂ. ಮಧ್ಯದಲ್ಲೇ ಎದ್ದು ಹೋದರೆ ಬೇರೆ ಊರಿನವರ ಪಾಲು.

ಮಾವನ ಹೆಂಡತಿಯನ್ನು ಊರು ವಾರ್ತೆ ಅಕ್ಕ ಎನ್ನುತ್ತದೆ. ಮದುವೆಯಾದ ಹೊಸತರಲ್ಲಿ, ಸುದ್ದಿ ಓದುವವನು ಕೈಕೊಟ್ಟನೆಂದು ಒಂದು ಸಂಜೆಯ ಮಟ್ಟಿಗೆ ಕ್ಯಾಮೆರಾ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ದನಿ ಮಾರ್ದನಿಸದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಪುಟ್ಟ ರೂಮು. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಅದನ್ನೂ ಆರಿಸಿ, ಬೆವರಿಳಿಸುತ್ತಾ ಓದುತ್ತಾಳೆ. ಜನ ಮೆಟ್ಟಿಲ ಬುಡದ ಡಬ್ಬಿಗೆ ಹಾಳೆ ಹಾಕಿ ಹೋಗುತ್ತಾರೆ: ಯಾವ ಬೀದಿಗೆ ನೀರು ಯಾವಾಗ, ಯಾರ ಮನೆ ಬಾಡಿಗೆಗಿದೆ, ಯಾರ ಬೆಕ್ಕು ಕಾಣುತ್ತಿಲ್ಲ. ಎಂಥ ಕಾಗೆ ಕಾಲು ಗುಬ್ಬಿ ಕಾಲಿನ ಬರಹವನ್ನೂ ತಡವರಿಸದೆ, ದೇಶದ ಸುದ್ದಿಯ ಗಾಂಭೀರ್ಯದಲ್ಲಿ ಓದಿ, 'ಎಂದು ತಿಳಿಸಿದ್ದಾರೆ' ಎಂದು ಮುಗಿಸುವುದು ಅವಳ ಪದ್ಧತಿ.

ಇಡೀ ಊರು ನೋಡಿದ ಈ ಓದನ್ನು ನೋಡದೆ ಉಳಿದವರೆಂದರೆ ಅವಳ ಹೆತ್ತ ತಾಯಿ. ತವರುಮನೆ ನದಿಯ ಆಚೆ ದಡದಲ್ಲಿ. ಅಲ್ಲಿ ಬೇರೆ ಕೇಬಲಿನವನ ರಾಜ್ಯಭಾರ. ಮಾವನ ವೈರು ಸೇತುವೆಯ ಈಚೆ ಕಂಬಕ್ಕೆ ಬಂದು ಮುಗಿಯುತ್ತಿತ್ತು. ಮಂಡಿ ಹಿಡಿದುಕೊಂಡ ಮುದುಕಿ ರೂಮಿನ ಕಡಿದಾದ ಮೆಟ್ಟಿಲು ಹತ್ತುವ ಮಾತಂತೂ ಇಲ್ಲವೇ ಇಲ್ಲ. ಹಾಗಾಗಿ ಮಾವ ಏದುಸಿರು ಬಿಡುತ್ತಾ ಆ್ಯಪಿನ ಸುದ್ದಿ ಒದರಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು.

"ಸೇತುವೆ ಆಚೆಗೂ ಬರುತ್ತಾ?"

"ಸಮುದ್ರದ ಆಚೆಗೂ ಬರುತ್ತೆ ಕಣೇ."

ಅವಳು ಒಗೆಯುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು ಒದ್ದೆ ಕೈಯಲ್ಲೇ ತಾಯಿಗೆ ಫೋನು ಮಾಡಿದಳು. ಆಮೇಲೆ ಗಂಡ ಹೆಂಡತಿ ಇಬ್ಬರೂ ಬಚ್ಚಲ ಬಾಗಿಲಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸುಮ್ಮಸುಮ್ಮನೆ ನಕ್ಕರು. ಮದುವೆಯಾದಾಗಲೂ ಅವರು ಹಾಗೆ ನಕ್ಕಿರಲಿಲ್ಲ.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಮಾವ ಸುಮ್ಮನಿರುವ ಆಸಾಮಿಯೇ? ಚೌಕದ ಅಕ್ಕಪಕ್ಕದವರು ಏನು ಮಾಡುತ್ತಾರೋ ನೋಡೋಣ ಎಂದು ಆ್ಯಪ್ ತೆರೆದು ಧಾರಾವಾಹಿ ಹಾಕಿಕೊಂಡು ಕೂತ. ಊಟ ಬಿಟ್ಟ, ಸ್ನಾನ ಬಿಟ್ಟ. ಕಣ್ಣು ಕೆಂಪಗೆ ಮಾಡಿಕೊಂಡು ಎದ್ದಾಗ ಅವನಿಗೆ ಜ್ಞಾನೋದಯವಾಗಿತ್ತು. ಪ್ರತಿ ಕಂತೂ ಕತ್ತಿ ಕುತ್ತಿಗೆಗೆ ಬಂದ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಎಲ್ಲರ ಮುಖವೂ ಅರ್ಧ ಕತ್ತಲಲ್ಲಿರುತ್ತದೆ. ವಾರ್ತೆಯನ್ನೂ ಹೀಗೆ ಮಾಡಿದರೆ ಜನ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಅವನು ತೀರ್ಮಾನಿಸಿಬಿಟ್ಟ. ಹೆಂಡತಿ ಬೇಡವೇ ಬೇಡ ಅಂದಳು. ನಿನ್ನ ಅಮ್ಮ ನೋಡಬೇಕೋ ಬೇಡವೋ ಎಂದು ಇವನು ಬಾಣ ಬಿಟ್ಟ. ಅವಳು ಒಪ್ಪಲೇಬೇಕಾಯಿತು.

ಪರೀಕ್ಷೆಯ ಮೊದಲ ಸಂಜೆ ರೂಮಿನ ಬಲ್ಬಿಗೆ ನೀಲಿ ಕಾಗದ ಸುತ್ತಿದ್ದಾಯಿತು. ವಾರ್ತೆ ಅಕ್ಕನ ಅರ್ಧ ಮುಖ ಬೆಳಕಲ್ಲಿ, ಅರ್ಧ ಕತ್ತಲಲ್ಲಿ. "ಮೇಲಿನ ಬೀದಿಗೆ ನಾಳೆ ನೀರು ಬಿಡುವ ಸಮಯ..." ಎಂದು ಅವಳು ಓದುವಷ್ಟರಲ್ಲಿ ಢಣ್ಣನೆ ಒಂದು ಸದ್ದು, ಪರದೆ ಕಪ್ಪು, ಉತ್ತರ ಮುಂದಿನ ಕಂತಿನಲ್ಲಿ ಎಂಬ ಕೆಂಪಕ್ಷರ. ನಿವೃತ್ತ ಮೇಷ್ಟ್ರ ಬೆಕ್ಕು ಸಿಕ್ಕಿದೆ, ಆದರೆ ಎಲ್ಲಿ? ಮತ್ತೆ ಢಣ್. ಮರುದಿನ ಬೆಳಿಗ್ಗೆ ಮೇಲಿನ ಬೀದಿಯ ಹೆಂಗಸರು ಖಾಲಿ ಕೊಡ ಹಿಡಿದು ಮೆಟ್ಟಿಲ ಬುಡಕ್ಕೇ ಬಂದರು. ಮೇಷ್ಟ್ರು ಒಂದು ಬಟ್ಟಲು ಹಾಲಿನೊಂದಿಗೆ ಬಂದರು. ಮಾವ ಯಾರಿಗೂ ಜಗ್ಗಲಿಲ್ಲ. ಆ್ಯಪಿನೊಳಗಿನ ಯಂತ್ರ ಬೇರೆ, ನೀಲಿ ಬೆಳಕು ಕಪ್ಪು ಪರದೆ ನೋಡಿ ಮೋಸಹೋಗಿ, ಇವನ ಚಾನೆಲ್ಲನ್ನು ದೆವ್ವದ ಸಿನಿಮಾಗಳ ಸಾಲಿನಲ್ಲಿ ಕೂರಿಸಿತ್ತು. ಎರಡು ಪಿಶಾಚಿಗಳ ನಡುವೆ ನೀರಿನ ಪ್ರಕಟಣೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಮಾವ ಆ ಸಾಲನ್ನು ಫೋನಿನಲ್ಲಿ ತೆಗೆದು ದಾರಿಯಲ್ಲಿ ಕಂಡಕಂಡವರಿಗೆಲ್ಲ ತೋರಿಸಿದ.

ಅತ್ತ ಕಂಪನಿಯ ಆ್ಯಪ್ ಮೇಡಂ ಫೋನು ಮಾಡಿ ಬೇರೆಯೇ ಹೇಳಿದರು. ಜನ ಮಧ್ಯದಲ್ಲೇ ಎದ್ದು ಹೋಗುತ್ತಿದ್ದಾರಂತೆ. ಹೋಗದೆ ಇನ್ನೇನು, ನೀರು ಬಿಡುವವನ ಮನೆಗೇ ಹೋಗಿ ಕೇಳಿದರೆ ಆಯಿತಲ್ಲ. ಮಾವ ಜಂಬ ಬಿಡದೆ, ಕಥೆ ಈಗಷ್ಟೇ ಬಿಸಿಯೇರುತ್ತಿದೆ ಎಂದು ಅವರಿಗೇ ಪಾಠ ಹೇಳಿದ. ಹೀಗೇ ವಾರ ಸವೆಯುತ್ತಾ ಬಂತು.

ಕೊನೆಯ ದಿನ ಬೆಳಿಗ್ಗೆ ಆಚೆ ದಡದಿಂದ ಮಾವನ ಅತ್ತೆಯ ಫೋನು ಬಂತು. ಪಕ್ಕದ ಮನೆಯವರು ಅಷ್ಟು ಹೊತ್ತಿಗೆ ಅವರ ಟೀವಿಗೆ ಆ್ಯಪ್ ಹಾಕಿಕೊಟ್ಟಿದ್ದರು. ಹಿಂದಿನ ಸಂಜೆ ಮುದುಕಿ ಕನ್ನಡಕ ಒರೆಸಿಕೊಂಡು ಮೊದಲ ಸಲ ಮಗಳನ್ನು ನೋಡಿದ್ದರು. ಯಾಕೆ ಮುಖ ಅರ್ಧವೇ ಇದೆ, ಮೈಗೆ ಹುಷಾರಿಲ್ಲವೇ, ಮಾತು ಯಾಕೆ ಮಧ್ಯದಲ್ಲೇ ನಿಂತುಹೋಗುತ್ತದೆ, ಅಳಿಯಂದಿರು ಏನಾದರೂ ಅಂದರೇ ಎಂದು ಅವರು ಗಾಬರಿಯಿಂದ ಕೇಳುತ್ತಿದ್ದುದು ಹೆಂಡತಿಯ ಪಕ್ಕದಲ್ಲಿ ನಿಂತ ಮಾವನಿಗೂ ಕೇಳಿಸಿತು. ಹೆಂಡತಿ ಸಮಾಧಾನ ಹೇಳಿ ಫೋನಿಟ್ಟು, ಒಂದು ಬ್ಯಾಗಿಗೆ ಎರಡು ಜೊತೆ ಬಟ್ಟೆ ತುಂಬಿದಳು.

"ಇಷ್ಟು ವರ್ಷ ಕಾದು ನಮ್ಮಮ್ಮ ನೋಡಿದ್ದು ನನ್ನ ಅರ್ಧ ಮುಖ. ಪೂರ್ತಿ ಮುಖ ನಾನೇ ಹೋಗಿ ತೋರಿಸಿ ಬರ್ತೀನಿ. ನಿಮ್ಮ ಕಂತು ನೀವೇ ಓದ್ಕೊಳ್ಳಿ ರೀ."

ಅವಳು ಬೀದಿ ತಿರುಗುವವರೆಗೂ ನೋಡುತ್ತಾ ನಿಂತ ಮಾವನಿಗೆ ಆಗ ಹೊಳೆಯಿತು, ತನಗೆ ಆ ಚೌಕ ಬೇಕಾಗಿದ್ದಾದರೂ ಯಾರಿಗೋಸ್ಕರ ಎಂದು. ನಾಚಿಕೆಯಾಯಿತು. ಅಳುವೂ ಬಂತು. ಓಡಿಹೋಗಿ ಬಲ್ಬಿನ ನೀಲಿ ಕಾಗದ ಹರಿದೆಸೆದ.

ಸಂಜೆ ಫಲಿತಾಂಶ ಹೇಳಲೆಂದು ಆ್ಯಪ್ ಮೇಡಂ ಖುದ್ದಾಗಿ ಬಂದರು. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಒಳ್ಳೆಯ ಸುದ್ದಿ ಅಲ್ಲ. ಇದೊಂದು ಸಲ ನೋಡಿ ಹೇಳಿ ಎಂದು ಮಾವ ಕೈಮುಗಿದು, ಫ್ಯಾನ್ ಆರಿಸಿ, ಕ್ಯಾಮೆರಾ ಶುರುಮಾಡಿ, ಓಡಿಬಂದು ಕುರ್ಚಿಯಲ್ಲಿ ಕೂತ. ಜೀವಮಾನವೆಲ್ಲ ಕ್ಯಾಮೆರಾದ ಹಿಂದಿದ್ದವನು ಮುಂದೆ ಕೂತದ್ದು ಇದೇ ಮೊದಲು. ಊರಿಗೆ ಕಂಡದ್ದು ತಲೆಯಿಲ್ಲದ ಒಂದು ಹೊಟ್ಟೆ. ಮೇಡಂ ಮರುಕಪಟ್ಟು ಕ್ಯಾಮೆರಾ ಸ್ವಲ್ಪ ಮೇಲಕ್ಕೆ ತಿರುಗಿಸಿದರು. ಆಗ ಬೆವರಿನ ಮುಖವೂ ಕಾಣಿಸಿತು.

ಮಾವ ಡಬ್ಬಿಯ ಮೊದಲ ಹಾಳೆ ತೆಗೆದ. ಅಕ್ಷರಗಳು ಇರುವೆ ಸಾಲಿನಂತೆ ಓಡಾಡಿದವು. "ನಾಳೆ... ನಾಳೆ..." ಎಂದ. ಕೆಳಗೆ ಸೈಕಲ್ ಅಂಗಡಿಯ ಟೀವಿ ಮುಂದೆ ಗುಂಪುಗೂಡಿದ್ದವರು ಗೊಳ್ಳೆಂದು ನಕ್ಕದ್ದು ಮೇಲಿನವರೆಗೂ ಕೇಳಿಸಿತು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಹೆಂಡತಿ. ಮಾವ ಸ್ಪೀಕರ್ ಒತ್ತಿ ಮೈಕಿನ ಪಕ್ಕ ಇಟ್ಟ.

"ನಿಮ್ಮ ಕೈಲಿ ಆಗಲ್ಲ. ಹಾಳೆ ಎತ್ತಿ ಹಿಡೀರಿ, ನಾನು ಇಲ್ಲಿಂದ ನೋಡ್ಕೊಂಡು ಓದ್ತೀನಿ."

ಮಾವ ಹಾಳೆ ಎತ್ತಿ ತೋರಿಸಿ ಇಳಿಸಿದ. ಹಾಳೆ ಇನ್ನೂ ಬಂದೇ ಇಲ್ಲ ಅಂದಳು ಅವಳು. ಮತ್ತೆ ಎತ್ತಿದ, ಇಳಿಸಿದ. ವಿಷಯ ಏನೆಂದರೆ, ವೈರಿನಲ್ಲಿ ತಟ್ಟನೆ ಹೋಗುವ ಚಿತ್ರ ಆ್ಯಪಿನಲ್ಲಿ ಊರೂರು ಸುತ್ತಿಕೊಂಡು ತಡವಾಗಿ ತಲಪುತ್ತದೆ. ಇವನು ಹಾಳೆ ಇಳಿಸಿದ ಮೇಲೆ ಅಲ್ಲಿ ಹಾಳೆ ಏರುತ್ತಿತ್ತು. ಹಿಡಿದುಕೊಂಡೇ ಇರಿ ಎಂದು ಅವಳು ಗದರಿದ ಮೇಲೆ ಮಾವ ಎರಡೂ ಕೈ ಎತ್ತಿ ಕಂಬದಂತೆ ಕೂತ. ಹಾಳೆ ತಲೆಕೆಳಗಾಗಿದೆ ಎಂದಾಗ ಗಾಬರಿಯಲ್ಲಿ ಹಾಳೆಯ ಬದಲು ತನ್ನ ತಲೆಯನ್ನೇ ಓರೆಮಾಡಿದ. ಕೆಳಗಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು.

ಹಾಳೆ ನೆಟ್ಟಗಾದ ಮೇಲೆ ಓದು ಹರಿಯಿತು. ಮೇಲಿನ ಬೀದಿಗೆ ನೀರು ಸೂರ್ಯ ಹುಟ್ಟುವ ಮೊದಲು. ಕೆಳಗಿನ ಬೀದಿಗೆ ಊಟದ ಹೊತ್ತಿಗೆ. ಬೆಕ್ಕು ಬೇಕರಿಯವನ ಅಟ್ಟದಲ್ಲಿ, ಮರಿಗಳ ಸಮೇತ. ಪ್ರತಿ ಸಾಲಿಗೂ ಹಿಂದಿನಿಂದ ಅತ್ತೆಯ ಹೂಂ, ಹೂಂ. ಯಾರ ಬೆಕ್ಕು, ಎಷ್ಟು ಮರಿ ಎಂದು ಅವರು ನಡುನಡುವೆ ಕೇಳುತ್ತಿದ್ದರು. ಮಗಳು ವಾರ್ತೆ ನಿಲ್ಲಿಸಿ ಅಮ್ಮನಿಗೆ ವಿವರಿಸಿ ಮುಂದುವರಿಯುತ್ತಿದ್ದಳು. ಊರಿನವರೆಲ್ಲ ಕಾದರು. ಯಾರಿಗೂ ಅವಸರವಿರಲಿಲ್ಲ.

ಕೊನೆಯ ಹಾಳೆ ಮುಗಿಯಿತು. ಮಾವ ಅದನ್ನು ಮಗುಚಿ, ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಏನೋ ಗೀಚಿ ಎತ್ತಿ ಹಿಡಿದ. ಈ ದಡದವರು ಕೂಡಲೇ ಓದಿಕೊಂಡರು. ಕೆಳಗೆ ನಗು ನಿಂತಿತು. ಆ ದಡಕ್ಕೆ ಅದಿನ್ನೂ ತಲಪಿರಲಿಲ್ಲ. ಮಾವ ಹಾಳೆ ಹಿಡಿದುಕೊಂಡೇ ಕೂತಿದ್ದ.

"ತಪ್ಪಾಯ್ತು, ಮನೆಗೆ ಬಾ..." ಎಂದು ಫೋನಿನಿಂದ ದನಿ ಬಂತು. ಯಾವ ಬರಹಕ್ಕೂ ತಡವರಿಸದವಳು ಅಲ್ಲಿ ತಡವರಿಸಿದಳು. ಆಮೇಲೆ, "ಎಂದು ನಮ್ಮ ಮನೆಯವರು ತಿಳಿಸಿದ್ದಾರೆ" ಎಂದು ಮುಗಿಸಿದಳು.

ಫೋನು ಕೈ ಬದಲಾಯಿಸಿದ ಸದ್ದು. "ಕಳಿಸ್ತೀನಿ ಅಳಿಯಂದಿರೇ," ಎಂದರು ಅತ್ತೆ. "ನಾಳೆ ಕಳಿಸ್ತೀನಿ. ಈಗ ಇನ್ನೂ ಹಾಳೆ ಇದ್ರೆ ಹಿಡೀರಿ. ಅವಳು ಓದೋದು ಕೇಳಿ ನನಗೆ ಸಾಕಾಗಿಲ್ಲ."

ಡಬ್ಬಿ ಬರಿದಾಗಿತ್ತು. ಮಾವ ರೂಮೆಲ್ಲ ಕಣ್ಣಾಡಿಸಿ, ಮೇಜಿನ ಖಾನೆ ಎಳೆದು, ಫ್ಯಾನಿನ ಜೊತೆ ಬಂದಿದ್ದ ಬಳಕೆಯ ಸೂಚನೆಗಳ ಕಾಗದ ಸಿಕ್ಕಿದ್ದೇ ತಡ, ಅದನ್ನೇ ಬಿಡಿಸಿ ಎತ್ತಿ ಹಿಡಿದ. ಒಂದಿಷ್ಟು ಹೊತ್ತು ಕಳೆದು ವಾರ್ತೆ ಅಕ್ಕ ಶುರುಮಾಡಿದಳು. ಒದ್ದೆ ಕೈಯಲ್ಲಿ ಮುಟ್ಟಬಾರದು. ರೆಕ್ಕೆ ಒರೆಸುವ ಮೊದಲು ಸ್ವಿಚ್ ಆರಿಸಬೇಕು. ಎಂದು ತಯಾರಕರು ತಿಳಿಸಿದ್ದಾರೆ. ಅತ್ತೆ ಹೂಂ ಅಂದರು.

ಮೇಡಂ ನಗು ತಡೆಯಲಾರದೆ ಬಾಗಿಲಿಗೆ ಒರಗಿ ನೆಲಕ್ಕೇ ಕೂತುಬಿಟ್ಟಿದ್ದರು. ಕೂತಲ್ಲಿಂದಲೇ ತಮ್ಮ ಫೋನನ್ನು ಮಾವನ ಕಡೆ ತಿರುಗಿಸಿ ತೋರಿಸಿದರು: ಶುರುವಿನಿಂದ ಒಬ್ಬರೂ ಎದ್ದು ಹೋಗಿರಲಿಲ್ಲ. ಚೌಕ ನಿಮ್ಮದೇ ಎಂದು ಸದ್ದಿಲ್ಲದೆ ತುಟಿ ಅಲ್ಲಾಡಿಸಿದ್ದು ಮಾವನಿಗೆ ಅರ್ಥವಾಯಿತು. ಅವನ ಎರಡೂ ತೋಳು ಸೋತು ನಡುಗುತ್ತಿದ್ದವು. ಆದರೂ ಕಾಗದ ಇಳಿಸಲಿಲ್ಲ. ಆಚೆ ದಡದಲ್ಲಿ ಅತ್ತೆ ಇನ್ನೂ ಕೇಳುತ್ತಿದ್ದರು.