ರಾಹುಕಾಲಕ್ಕೆ ಸಿಕ್ಕಿಕೊಂಡ ಮುಂಗಡ

ಬ್ಯಾಂಕಿನಲ್ಲಿರುವ ನನ್ನ ದುಡ್ಡು ಯಾವುದೋ ಕಬ್ಬಿಣದ ಬೀರುವಿನಲ್ಲಿ ನನ್ನ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿದೆ ಎಂದೇ ಬಹುಕಾಲ ನಂಬಿದ್ದೆ. ಮೇಷ್ಟ್ರಾಗಿ ರಿಟೈರಾದವನು ಹೀಗೆಲ್ಲ ನಂಬಬಾರದು, ಒಪ್ಪಿದೆ. ಆದರೆ ಅಲ್ಲಿರುವುದು ಎಲ್ಲೋ ಒಂದು ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ ಬರೆದ ಬರೀ ಸಂಖ್ಯೆ ಎಂದು ಗೊತ್ತಾದ ದಿನ ಪಾಸ್‌ಬುಕ್ಕನ್ನು ಎರಡು ಸಲ ತೆಗೆದು ನೋಡಿದೆ. ಗೊತ್ತಾಗುವಂತೆ ಮಾಡಿದವಳು ನನ್ನ ತಂಗಿ ಗೌರಮ್ಮ.

ಬಿಡದಿಯಲ್ಲಿ ಬೇರೆಯವರ ಹೋಟೆಲಿಗೆ ತಟ್ಟೆ ಇಡ್ಲಿ ಬೇಯಿಸಿಯೇ ತಲೆ ನರೆಸಿಕೊಂಡವಳು ಅವಳು. ಸ್ವಂತದ್ದೊಂದು ಇಡಬೇಕೆಂಬ ಆಸೆಗೆ ಕೊನೆಗೂ ಸ್ಟೇಷನ್ ಹತ್ತಿರ ಒಂದು ಮಳಿಗೆ ಗೊತ್ತಾಯಿತು. ಆವತ್ತು ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಫೋನಿನಿಂದ ಮುಂಗಡ ಹೋಗಬೇಕೆಂದು ಅವಳ ಹಟ. ದೀಪ ಹಚ್ಚಿದಳು, ಕೈಮುಗಿದಳು. ಅಷ್ಟಕ್ಕೇ ಬಿಡದೆ ಫೋನಿನ ಹಣೆಗೂ ಕುಂಕುಮ ಇಟ್ಟಳು. ಫೋನಿಗೆ ಮುಖವೆಲ್ಲ ಹಣೆಯೇ ಅಲ್ಲವೇ? ಬೆರಳು ತಾಗಿ ಕುಂಕುಮ ಪರದೆಯ ತುಂಬ ಹರಡಿತು. ಅದನ್ನು ಸೆರಗಿನಲ್ಲಿ ಒರೆಸಿ ಒತ್ತುವ ಹೊತ್ತಿಗೆ ಹತ್ತೂವರೆ ಆಗೇಹೋಯಿತು.

ಅವಳ ಖಾತೆಯಿಂದ ಹಣ ಹೋಯಿತೆಂದು ಮೆಸೇಜು ಬಂತು. ಮಳಿಗೆಯ ಮಾಲೀಕರಿಗೆ ಏನೂ ಬರಲಿಲ್ಲ.

"ಅಣ್ಣಾ, ದುಡ್ಡು ನನ್ತಾವೂ ಇಲ್ಲ, ಅವ್ರ್ತಾವೂ ಇಲ್ಲ. ಈಗ ಎಲ್ಲೈತೆ?" ಎಂದಳು ಗೌರಮ್ಮ.

ಸತ್ತ ಮೇಲೆ ಜೀವ ಎಲ್ಲಿರುತ್ತದೆ ಎಂದು ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ. ಅದನ್ನು ಹೇಳಿದವರು ನಮ್ಮಲ್ಲಿ ಬೇಕಾದಷ್ಟು ಜನ. ಇದಕ್ಕೆ ಮಾತ್ರ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದ ನನ್ನ ಗೆಳೆಯ ಸಿದ್ದಪ್ಪನಿಗೆ ಫೋನು ಮಾಡಬೇಕಾಯಿತು.

"ಎಲ್ಲೂ ಹೋಗಿಲ್ಲ ಕಣ್ಲಾ," ಎಂದ ಸಿದ್ದಪ್ಪ. "ಒಂದೇ ಬ್ಯಾಂಕಾದ್ರೆ ಇಲ್ಲಿ ಕಳೆಯೋದು ಅಲ್ಲಿ ಕೂಡೋದು ಎರಡೂ ಒಟ್ಗೇ ಆಯ್ತದೆ, ಇಲ್ಲಾ ಎರಡೂ ಆಗಾಕಿಲ್ಲ. ನಡುವೆ ಕರೆಂಟು ಹೋದ್ರೂ ಅಷ್ಟೇಯ. ಇದು ಎರಡು ಬ್ಯಾಂಕು. ಆ ಕಡೆಯೋರು ಸೇರ್ತು ಅನ್ನದಿದ್ರೆ ಈ ಕಡೆಯೋರು ವಾಪಸ್ ಹಾಕ್ತಾರೆ. ಒಸಿ ತಡ್ಕೊಳ್ಳಿ."

"ಹಾಗಾದರೆ ಹೋಗಿದ್ದನ್ನು ಅಳಿಸಿಬಿಡುತ್ತಾರಾ?" ನನ್ನ ಕುತೂಹಲ ಕೆರಳಿತ್ತು.

"ಅಳ್ಸೋದೇ ಇಲ್ಲ. ಹೋಗಿದ್ದು ಹಂಗೇ ಇರ್ತದೆ. ಕೆಳಗೆ ಬಂತು ಅಂತ ಇನ್ನೊಂದು ಸಾಲು ಬರೀತಾರೆ."

ನನಗಿದು ಬಹಳ ಹಿಡಿಸಿತು. ನಾವಾದರೆ ಆಡಿದ ಮಾತನ್ನು ಆಡಲೇ ಇಲ್ಲ ಎಂದು ಸಾಧಿಸುತ್ತೇವೆ. ಅಷ್ಟು ದುಡ್ಡಿಟ್ಟುಕೊಂಡ ಬ್ಯಾಂಕಿಗೆ ಆ ಧೈರ್ಯವಿಲ್ಲ. ಇದನ್ನೆಲ್ಲ ತಂಗಿಗೆ ವಿವರಿಸಹೊರಟರೆ ಅವಳು ಗಡಿಯಾರ ನೋಡುತ್ತ ಕೂತಿದ್ದಳು. ಮಳಿಗೆ ಕೈತಪ್ಪಿತೆಂದೇ ಅವಳ ಲೆಕ್ಕ, ಕಣ್ಣು ತುಂಬಿತ್ತು.

ಹನ್ನೊಂದರ ಸುಮಾರಿಗೆ ದುಡ್ಡು ಅವಳ ಖಾತೆಗೆ ವಾಪಸಾಯಿತು. ಹಿಂದೆಯೇ ಮಾಲೀಕರ ಫೋನು: "ಅಮ್ಮಾ, ಮಳಿಗೆ ಕೇಳಿದ್ದ ಹಾರೋಹಳ್ಳಿಯೋರು ದುಡ್ಡು ತಕ್ಕೊಂಡು ಇತ್ಲಾಗೆ ಹೊಂಟವ್ರೆ. ಈಗ್ಲೇ ಹಾಕಿದ್ರೆ ಮಳಿಗೆ ನಿಮ್ದು."

ರಾಹುಕಾಲ ಮುಗಿಯಲು ಇನ್ನೂ ಒಂದು ಗಂಟೆ. ನಂಬಿಕೆಯ ವಿಷಯದಲ್ಲಿ ತಂಗಿಗೆ ಬುದ್ಧಿ ಹೇಳಿ ಗೆದ್ದ ಅಣ್ಣನನ್ನು ನಾನಿನ್ನೂ ಕಂಡಿಲ್ಲ. ಗೌರಮ್ಮ ಕಣ್ಣೊರೆಸಿಕೊಂಡು ಫೋನು ತೆಗೆದುಕೊಂಡಳು. ಈ ಸಲ ದೀಪವಿಲ್ಲ, ಕುಂಕುಮವಿಲ್ಲ. ಸುಮ್ಮನೆ ಒತ್ತಿದಳು. ಆ ಕಡೆಯಿಂದ ಬಂತೆಂಬ ಸುದ್ದಿಯೂ ಕೂಡಲೇ ಬಂತು.

"ರಾಹುಕಾಲ ಕಣಮ್ಮ," ಎಂದೆ, ತಡೆಯಲಾರದೆ.

"ಇರ್ಲಿ ಬುಡಣ್ಣಾ," ಎಂದಳು ನನ್ನ ತಂಗಿ. "ರಾಹುಗೆ ಹೊಟ್ಟೆ ಇಲ್ದಿದ್ರೂ ಬಾಯಿ ಐತಲ್ಲ. ಮೊದಲ್ನೇ ಇಡ್ಲಿ ಅವನಿಗೇ ಇಕ್ಕಾನ."