ಕವಿಯ ಕೊಳಕ್ಕೆ ನೀರು ತರುವ ಉಸ್ತಾ

ಬೆಳಗಿನ ನಮಾಜು ಮುಗಿದು ಅರ್ಧ ಗಂಟೆಯೂ ಆಗಿಲ್ಲ. ಮರಳುಗಾಡಿನ ನಮ್ಮ ಯಜ್ದ್ ಊರಾಚೆಯ ಬಯಲಿನಲ್ಲಿ, ನೀರಿನ ಸುರಂಗ ತೋಡುವ ಮೇಸ್ತ್ರಿ ಉಸ್ತಾ ಬೆಮಾನಲಿ ಬಿಳಿ ಅಂಗಿ, ಬಿಳಿ ಪೈಜಾಮ, ಬಿಳಿ ಟೋಪಿ ತೊಟ್ಟು ಬಾವಿಯ ಬಾಯಿಯ ಪಕ್ಕ ನಿಂತಿದ್ದಾರೆ. ವಯಸ್ಸು ಅರವತ್ತೆಂಟು, ಒಣ ಅಂಜೂರದಂಥ ಮುಖ. ಮಣ್ಣಿನ ಕೆಲಸಕ್ಕೆ ಬಿಳಿ ಬಟ್ಟೆ ಏಕೆಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಕೆಳಗೆ ಮಣ್ಣು ಕುಸಿದರೆ ಅದೇ ಕಫನ್, ಹೆಣಕ್ಕೆ ಬೇರೆ ಬಟ್ಟೆ ಹೊಲಿಸುವ ಗೋಜಿಲ್ಲ.

ಹಗ್ಗವನ್ನು ಸೊಂಟಕ್ಕೆ ಬಿಗಿದು, ಬಿಸ್ಮಿಲ್ಲಾ ಎಂದು ಒಂದು ಕಾಲನ್ನು ಒಳಗಿಡುತ್ತಾರೆ. ಸರಿಯಾಗಿ ಆ ಗಳಿಗೆಗೆ, ಅವರ ಬಗ್ಗೆ ಪೇಪರಿಗೆ ಬರೆಯಲು ಬಂದ ನಾನು ಸೀನಿಬಿಡುತ್ತೇನೆ. ಒಂದೇ ಒಂದು ಸೀನು. ಉಸ್ತಾ ಕಾಲು ಹೊರಗೆಳೆದುಕೊಳ್ಳುತ್ತಾರೆ. ರಾಟೆಯ ಹತ್ತಿರ ಕೂತ ಅವರ ಭಾವಮೈದ ರಮಜಾನ್ ಹಣೆ ಚಚ್ಚಿಕೊಳ್ಳುತ್ತಾನೆ.

"ಸೀನೋಕೆ ಇವತ್ತೇ ಆಗಬೇಕಿತ್ತೇನ್ರೀ ಪೇಪರಮ್ಮ? ಇನ್ನೊಂದು ಸೀನ್ರೀ, ಎರಡಾದ್ರೆ ಹೊರಡು ಅಂತ ಅರ್ಥ. ಸೂರ್ಯನ್ನ ನೋಡಿ, ಬಂದೇ ಬರುತ್ತೆ!"

"ಬಲವಂತದ ಸೀನು ಲೆಕ್ಕಕ್ಕಿಲ್ಲ ಕಣೋ," ಎನ್ನುತ್ತಾ ಉಸ್ತಾ ನೆಲದ ಮೇಲೆ ಕೂರುತ್ತಾರೆ. "ಒಂಟಿ ಸೀನಂದ್ರೆ ತಡಿ ಅಂತ ಅಪ್ಪಣೆ, ಕಾಲು ಗಂಟೆ ತಡೆಯೋಣ. ಚಹಾ ಬಗ್ಗಿಸು."

ನನಗೆ ನಾಚಿಕೆಯಿಂದ ನೆಲಕ್ಕಿಳಿದುಹೋದಂತಾಗುತ್ತದೆ. ಇವತ್ತು ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಇಲ್ಲಿಂದ ಮೂರು ಕಿಲೋಮೀಟರ್ ತಗ್ಗಿನಲ್ಲಿ ನಮ್ಮ ಕವಿ ಬಾಳಿಹೋದ ಮನೆ ಇದೆ. ಒಳಗೆ ತಂಗಾಳಿ ಇಳಿಸುವ ಮಣ್ಣಿನ ಗೋಪುರ, ದಾಳಿಂಬೆ ತೋಟ, ನಡುವೆ ನೀಲಿ ಹಂಚಿನ ಕೊಳ. ರಜೆಯ ದಿನ ಆರುನೂರು ಜನ ಬರುತ್ತಾರೆ. ನಿಶ್ಚಿತಾರ್ಥವಾದ ಜೋಡಿಗಳು, ಪರೀಕ್ಷೆ ಬರೆಯಲಿರುವ ಹುಡುಗಿಯರು, ಗಂಡನ ಮೇಲೆ ಮುನಿಸಿಕೊಂಡ ಹೆಂಗಸರು, ಎಲ್ಲರೂ ಎದೆಯ ಮೇಲೆ ಕೈಯಿಟ್ಟು ಒಳಗೆ ಕಾಲಿಟ್ಟು, ಕೊಳದ ಪಕ್ಕ ನೀರಿನ ಸದ್ದು ಕೇಳುತ್ತಾ ಸುಮ್ಮನೆ ನಿಲ್ಲುತ್ತಾರೆ. ಕವಿ ಬರೆದದ್ದೂ ಅದೇ ಸದ್ದು ಕೇಳುತ್ತಾ. ನಲವತ್ತು ವರ್ಷ ನಾನೂ ಹಾಗೆ ನಿಂತವಳೇ. ಆ ನೀರು ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಕೇಳಿದವಳಲ್ಲ. ನನ್ನ ಬುದ್ಧಿಗಿಷ್ಟು!

ಬರುವುದು ಇಲ್ಲಿಂದ, ಈ ಬಯಲಿನ ಅಡಿಯಿಂದ. ಬೆಟ್ಟದ ಬುಡದಿಂದ ಕವಿಯ ಅಂಗಳದವರೆಗೆ ಯಾವ ಕಾಲದಲ್ಲೋ ಕೈಯಿಂದ ತೋಡಿದ ಸುರಂಗ, ನಮ್ಮ ಕನಾತ್. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೊಂದೇ. ಹೂಳೆತ್ತಲು ಉದ್ದಕ್ಕೂ ನಲವತ್ತೊಂದು ಬಾವಿಗಳು. ಈ ಚಳಿಗಾಲದಲ್ಲಿ ಸುರಂಗದ ಮಾಡು ಕುಸಿದು ನೀರು ಕಟ್ಟಿಕೊಂಡಿತು, ಕವಿಯ ಕೊಳ ಬತ್ತಿತು. ಇಪ್ಪತ್ನಾಲ್ಕು ದಿನಗಳಿಂದ ಉಸ್ತಾ ದಿನಕ್ಕೆ ನೂರಿಪ್ಪತ್ತು ಬುಟ್ಟಿ ಮಣ್ಣು ಕಳಿಸುತ್ತಿದ್ದಾರೆ. ಮನೆ ನೋಡಿಕೊಳ್ಳುವ ಸಮಿತಿಗೆ ತಾಳ್ಮೆ ಮುಗಿದಿದೆ. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ನೀರು ಬರದಿದ್ದರೆ ತೋಟದಲ್ಲೇ ಬೋರ್‌ವೆಲ್. ಕೊರೆಯುವ ಲಾರಿ ಆಗಲೇ ಗೇಟಿನ ಮುಂದೆ ಬಂದು ನಿಂತಿದೆ.

"ಕೊರೆದ್ರೆ ಕೊಳ ತುಂಬಲ್ವಾ ಉಸ್ತಾ?" ಎಂದು ಕೇಳುತ್ತೇನೆ.

"ತುಂಬುತ್ತವ್ವಾ, ಎರಡು ವರ್ಷ ತುಂಬುತ್ತೆ. ಅದು ನೆಲದ ರಕ್ತ ಹೀರಿದ ಮೇಲೆ ಸುರಂಗಾನೂ ಸಾಯುತ್ತೆ, ಬೋರೂ ಸಾಯುತ್ತೆ. ಕೊಳದಿಂದ ಹೊರಗೆ ಹರಿಯೋ ನೀರಲ್ಲೇ ಕೆಳಗಡೆ ನಲವತ್ತು ಮನೆಯೋರ ದಾಳಿಂಬೆ ಬದುಕಿರೋದು. ಅವರೆಲ್ಲಿಗೆ ಹೋಗಬೇಕು?"

ಸಕ್ಕರೆ ಹರಳನ್ನು ಹಲ್ಲಿನಲ್ಲಿ ಕಚ್ಚಿ ಚಹಾ ಹೀರುವ ಉಸ್ತಾರ ಬಲಗೈಯಲ್ಲಿ ಎರಡು ಬೆರಳಿಲ್ಲ. ಹದಿಮೂರನೇ ವಯಸ್ಸಿಗೇ ಸುರಂಗಕ್ಕಿಳಿದವರು. ಅಪ್ಪನೂ ಇದೇ ಕೆಲಸದವರು, ಹನ್ನೊಂದನೇ ಬಾವಿಯ ಕೆಳಗೇ ಉಳಿದುಬಿಟ್ಟರು. ಹೆಣ ತೆಗೆಯಲು ಮೂರು ದಿನ ಹಿಡಿಯಿತಂತೆ.

"ಮತ್ತೆ ಅಲ್ಲಿಗೇ ಇಳಿಯೋಕೆ ಭಯ ಆಗಲಿಲ್ವಾ?"

"ಆಗದೆ ಇರುತ್ತಾ? ಈಗ್ಲೂ ಆಗುತ್ತೆ. ಭಯ ಇಲ್ದೋನು ಮಾಡಿನ ಕಡೆ ನೋಡಲ್ಲ, ಸಾಯ್ತಾನೆ."

"ಮನೇಲಿ ಅಕ್ಕನಿಗೂ ಹೆದರ್ತಾರೆ, ಅದನ್ನೂ ಬರ್ಕೊಳ್ಳಿ," ಎನ್ನುತ್ತಾನೆ ರಮಜಾನ್.

ಕಾಲು ಗಂಟೆ ಮುಗಿಯುತ್ತದೆ. ನಾನು ಮೂಗು ಬಿಗಿಹಿಡಿದು ಕೂತಿದ್ದೇನೆ. ಉಸ್ತಾ ಇಳಿಯುತ್ತಾರೆ. ಮೂವತ್ತೆರಡು ಮೀಟರ್! ಬಾವಿಯಂಚಿನಲ್ಲಿ ಬೋರಲು ಮಲಗಿ ನೋಡಿದರೆ ಅವರ ತಲೆಯ ದೀಪ ಕಡಲೆಕಾಳಿನಷ್ಟಾಗಿ, ಮಾಯವಾಗುತ್ತದೆ. ಕವಿಯ ಮನೆಯಲ್ಲಿ ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಕೈ ಇಲ್ಲಿಯೂ ತಾನಾಗಿ ಎದೆಗೆ ಹೋಗುತ್ತದೆ.

ಹಗ್ಗ ಒಂದು ಸಲ ಜಗ್ಗಿದರೆ ಬುಟ್ಟಿ ಎಳೆಯಬೇಕು, ಮೂರು ಸಲ ಜಗ್ಗಿದರೆ ಮನುಷ್ಯನನ್ನು. ಎಂಟೂವರೆಗೆ ಮೂವತ್ತೆಂಟು ಬುಟ್ಟಿ ಮೇಲೆ ಬಂದಿವೆ. ಆಮೇಲೆ ಬುಟ್ಟಿ ನಿಲ್ಲುತ್ತದೆ. ಉಳಿದಿರುವುದು ಒಂದು ಮೊಳ ಮಣ್ಣಿನ ಗೋಡೆ, ಅದರಾಚೆ ಚಳಿಗಾಲವೆಲ್ಲ ಕಟ್ಟಿಕೊಂಡ ನೀರು. ಮೇಲ್ಗಡೆ ಸಣ್ಣ ತೂತು ಮಾಡಿ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಅವಸರಪಟ್ಟರೆ ಗೋಡೆ ಒಡೆದು ಮೈಮೇಲೇ ಬರುತ್ತದೆ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಅಷ್ಟು ಹೊತ್ತು ವಟವಟ ಎನ್ನುತ್ತಿದ್ದ ರಮಜಾನ್ ಈಗ ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಾನೆ.

ಆಮೇಲೆ ಕೆಳಗಿನಿಂದ ಗುಡುಗಿನಂಥ ಸದ್ದು. ಹಗ್ಗ ಜಗ್ಗುವುದಿಲ್ಲ.

"ಉಸ್ತಾ!" ಎಂದು ರಮಜಾನ್ ಕಿರುಚುತ್ತಾನೆ. "ಬೆಮಾನಲಿ!"

ಒಂದು. ಎರಡು. ಮೂರು. ಜಗ್ಗಿತು! ರಮಜಾನ್ ಕಾಲಿನಿಂದ, ಕೈಯಿಂದ ರಾಟೆ ತಿರುಗಿಸುತ್ತಾನೆ, ನಾನೂ ಜೋತುಬೀಳುತ್ತೇನೆ. ಮೇಲೆ ಬಂದ ಮನುಷ್ಯನ ಮೇಲೆ ಬಿಳಿ ಎನ್ನುವುದು ಕಣ್ಣುಗಳಲ್ಲಿ ಮಾತ್ರ ಉಳಿದಿದೆ. ನಾನು ಗಳಗಳ ಅತ್ತುಬಿಡುತ್ತೇನೆ, ಹೇಳಿಕೊಳ್ಳಲು ಸಂಕೋಚವಿಲ್ಲ. ರಮಜಾನ್ ಅಳುತ್ತಲೇ ಬೈಯುತ್ತಾನೆ.

"ಸತ್ತಿದ್ರೆ ಅಕ್ಕ ನನ್ನ ಸಿಗಿದು ಹಾಕ್ತಿದ್ಲು, ಗೊತ್ತಾ ಮುದುಕಪ್ಪಾ!"

ಗೋಡೆ ಒಡೆದು ನೀರು ಹೊರಟಿದೆ, ಇನ್ನು ಕಾಯುವುದು. ಮೂರು ಕಿಲೋಮೀಟರ್ ದೂರವನ್ನು ಕತ್ತಲಲ್ಲಿ ನೀರು ತನ್ನ ಪಾಡಿಗೆ ತಾನು ನಡೆಯಬೇಕು. ಉಸ್ತಾ ಕಂಬಳಿ ಹೊದ್ದು ಕೂತಿದ್ದಾರೆ, ರೊಟ್ಟಿ ಮುಟ್ಟುವುದಿಲ್ಲ. ಹನ್ನೊಂದು ದಾಟುತ್ತದೆ. ಹನ್ನೊಂದೂವರೆಗೆ ಫೋನು. ಕವಿಯ ಮನೆಯಲ್ಲಿ ಟಿಕೆಟ್ ಕೊಡುವ ಫಖ್ರಿ ಖಾನುಮ್ ಕೂಗಾಡುವುದು ನನಗೂ ಕೇಳಿಸುತ್ತದೆ.

"ಏನು ಮಾಡಿಟ್ಟಿದೀರಿ ಉಸ್ತಾ! ಕೊಳದ ತುಂಬ ಕೆಸರು, ಬರೀ ಕೆಂಪು ರಾಡಿ! ನೋಡೋಕೆ ಬಂದ ಜನ ಟಿಕೆಟ್ ದುಡ್ಡು ವಾಪಸ್ ಕೊಡು ಅಂತಿದಾರೆ!"

"ಎಷ್ಟು ಬರ್ತಿದೆ ತಾಯಿ?"

"ಎಷ್ಟು ಅಂದ್ರೆ? ಉಕ್ಕಿ ತೋಟಕ್ಕೆ ಹರೀತಿದೆ! ಸಮಿತಿಯೋರ ಬೂಟೆಲ್ಲ ನೆಂದುಹೋಯ್ತು. ಲಾರಿಯೋನಿಗೆ ವಾಪಸ್ ಹೋಗು ಅಂದ್ರು ಬಿಡಿ, ಆದ್ರೆ ಈ ರಾಡೀನ ನಾನು ಯಾರಿಗೆ ಅಂತ ತೋರಿಸ್ಲಿ?"

ಉಸ್ತಾ ಫೋನನ್ನು ನಿಧಾನವಾಗಿ ಕೆಳಗಿಟ್ಟು, ರೊಟ್ಟಿಯ ಕಡೆ ಕೈ ಚಾಚುತ್ತಾರೆ. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ.

"ನನ್ನ ಬಗ್ಗೆ ಏನಿದೆ ಬರೆಯೋಕೆ? ಕವಿಯ ಮನೆ ನೋಡೋಕೆ ಬರೋರು ಇನ್ನೆರಡು ದಿನ ತಡೆದು ಬರ್ಲಿ ಅಂತ ಹಾಕು. ಅಷ್ಟೊತ್ತಿಗೆ ನೀರು ತಿಳಿಯಾಗಿರುತ್ತೆ."