ನೀರಿಗೆ ಬಂದವಳು

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವ ಖಾಸಗಿ ಬಸ್ಸಿನಲ್ಲಿ ಯಾರಾದರೂ ‘ನಂಜುಗೊಳಕ್ಕೆ ಒಂದು’ ಎಂದು ಟಿಕೆಟ್ ಕೇಳಿದರೆ ಸಾಕು, ಪಕ್ಕದಲ್ಲಿ ಕೂತವರು ಸೆರಗನ್ನೋ ಪಂಚೆಯನ್ನೋ ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಟಿಕೆಟ್ ಕೇಳಿದವನು ಆ ಊರಿನ ಮೇಷ್ಟ್ರೇ ಆಗಿರಬಹುದು, ಮೈಯಲ್ಲಿ ಒಂದು ಸೊಳ್ಳೆ ಕಡಿದ ಗುರುತೂ ಇಲ್ಲದಿರಬಹುದು. ಊರಿನ ಹೆಸರೇ ಕಜ್ಜಿಯ ಹಾಗೆ ಅಂಟಿಕೊಂಡಿದೆ, ಏನು ಮಾಡೋಣ!

ಊರಿನ ನಡುವೆ ಹೊಯ್ಸಳರ ಕಾಲದ್ದೆನ್ನುವ ಕಲ್ಲಿನ ಕೊಳ. ಕೆಳಗಿನ ಬಿರುಕಿನಿಂದ ಗಂಧಕದ ವಾಸನೆಯ ಬೆಚ್ಚನೆಯ ನೀರು ಉಕ್ಕುತ್ತದೆ. ಯಾವನೋ ದಣ್ಣಾಯಕನ ಹೆಂಡತಿಯ ಮೈಯ ನಂಜು ಈ ನೀರಲ್ಲಿ ಇಳಿಯಿತಂತೆ. ಹಾಗೆಂದು ಅಲ್ಲಿನ ಶಾಸನ ಹೇಳುತ್ತದೆ, ಅಥವಾ ಶಾಸನ ಹಾಗೆ ಹೇಳುತ್ತದೆಂದು ಊರವರು ಹೇಳುತ್ತಾರೆ. ಭಾನುವಾರ ಹಾಸನದಿಂದ ಕಾರಿನಲ್ಲಿ ಬರುವವರು ಮೆಟ್ಟಿಲ ಮೇಲೆ ನಿಂತು ಫೋಟೋ ಹೊಡೆದುಕೊಂಡು, ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಉಳಿದ ದಿನ ಊರು ರೋಗಿಗಳದ್ದು. ಬೆಳಕು ಹರಿಯುವ ಮುಂಚೆ ನೀರಿಗಿಳಿದು, ಬೇವಿನ ಸೊಪ್ಪು ಉಜ್ಜಿಕೊಂಡು, ಉಪ್ಪಿಲ್ಲದ ಅಂಬಲಿ ಕುಡಿದು, ಜಗಲಿಗಳ ಮೇಲೆ ಬಿಸಿಲು ಕಾಯಿಸುತ್ತ ಕೂರುತ್ತಾರೆ. ಹೊಸಬರಿಗೆ ಅಲ್ಲಿ ಮೊದಲು ಕೇಳಿಸುವುದು ತುರಿಸಿಕೊಳ್ಳುವ ಸದ್ದು. ಊರವರ ಕಿವಿಗೆ ಅದು ಬೀಳುವುದೇ ಇಲ್ಲ.

ಇಂಥವರಿಗೆ ರೂಮು ಕೊಟ್ಟು, ಪಥ್ಯದ ಅಡುಗೆ ಮಾಡಿ ಹಾಕುವ ಮನೆ ನೀಲಾಂಬಿಕೆಯದು. ಗಂಡ ಷಡಕ್ಷರಿ ಪಾಪದ ಮನುಷ್ಯ. ಹಂಡೆಗೆ ಉರಿ ಹಾಕುವುದು, ರೂಮು ಗುಡಿಸುವುದು ಬಿಟ್ಟರೆ ಯಾವ ಮಾತಿಗೂ ಇಲ್ಲ. ಮನೆಯ ಬಾಯಿ ಅಂದರೆ ನೀಲಾಂಬಿಕೆಯದೇ. ನುಗ್ಗೇಹಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅದೇ ಬಾಯಿಯಿಂದ ಒಂದು ಎಡವಟ್ಟು ಮಾಡಿಕೊಂಡಿದ್ದಳು. ಮೈ ವಾಸಿಯಾಗಿ ಹೊರಟು ನಿಂತ ಹೆಂಗಸೊಬ್ಬಳಿಗೆ, ಎಲ್ಲ ಕಡೆ ಹೇಳುವ ಹಾಗೆ, ‘ಹೋಗಿ ಬನ್ನಿ’ ಅಂದುಬಿಟ್ಟಳು. ಅತ್ತೆ ಓಡಿ ಬಂದು ಸೊಸೆಯ ಬಾಯಿ ಮುಚ್ಚಿದ್ದರು.

ಏಕೆಂದರೆ ನಂಜುಗೊಳದಲ್ಲಿ ಹಾಗನ್ನುವಂತಿಲ್ಲ. ಲೋಕದಲ್ಲೆಲ್ಲ ‘ಹೋಗ್ತೀನಿ’ ಅಂದರೆ ಅಪಶಕುನ, ‘ಬರ್ತೀನಿ’ ಅನ್ನಬೇಕು. ಇಲ್ಲಿ ‘ಬರ್ತೀನಿ’ ಅಂದರೆ ರೋಗಕ್ಕೆ ಕರೆ ಕೊಟ್ಟ ಹಾಗೆ. ನೀರಿಗೆ ಬಂದವರು ಹೊಸಿಲು ದಾಟಿ, ರಸ್ತೆಯ ಕಡೆ ಮುಖ ಮಾಡಿ, ‘ಹೋಗ್ತೀನಿ’ ಅನ್ನಬೇಕು. ಮನೆಯವರು ‘ಹೋಗು, ತಿರುಗಿ ನೋಡಬೇಡ’ ಅಂದು, ಅವರು ನಿಂತಿದ್ದ ಜಾಗದ ಮೇಲೆ ಒಂದು ಚೊಂಬು ಕೊಳದ ನೀರು ಸುರಿಯಬೇಕು. ಆ ಮನೆಯ ಒಂದು ಹಿಡಿ ಅಕ್ಕಿಯೂ ಅವರ ಕೈಯಲ್ಲಿ ಹೋಗಬಾರದು. ವಾಸಿಯಾದವರು ಮತ್ತೆ ಈ ಊರಿಗೆ ಕಾಲಿಡುವಂತಿಲ್ಲ. ಈ ಪಾಠವನ್ನು ನೀಲಾಂಬಿಕೆ ಎಷ್ಟು ಚೆನ್ನಾಗಿ ಕಲಿತಳೆಂದರೆ, ಆಮೇಲಾಮೇಲೆ ಚೊಂಬು ಎತ್ತುವಾಗ ಮುಂದೆ ನಿಂತವರ ಮುಖವನ್ನೂ ನೋಡುತ್ತಿರಲಿಲ್ಲ.

ಅವಳಿಗೆ ಒಬ್ಬಳೇ ಮಗಳು, ಶಿವರಂಜನಿ. ನಂಜುಗೊಳದಿಂದ ಹೆಣ್ಣು ತರಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಚನ್ನರಾಯಪಟ್ಟಣದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ರಜನೀಶನ ಕಡೆಯವರು ಒಪ್ಪಿದಾಗ ಇವರಿಗೆ ಸ್ವರ್ಗ ಮೂರೇ ಗೇಣು. ಹುಡುಗನ ತಾಯಿ ಹೆಣ್ಣನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಬೆನ್ನು ತೋಳು ತೊಡೆಯೆಲ್ಲ ನೋಡಿ, ಮಚ್ಚೆ ಕಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದಳು. ಎಂಥ ಮರ್ಯಾದೆಗೇಡು! ಆದರೂ ನೀಲಾಂಬಿಕೆ ಹಲ್ಲು ಕಚ್ಚಿ ಸಹಿಸಿ, ಅವರಿಗೆ ಹೋಳಿಗೆ ಬಡಿಸಿದಳು.

ಮದುವೆಯಾದ ಎರಡನೆಯ ಬೇಸಿಗೆಯಲ್ಲಿ ಶಿವರಂಜನಿ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಬಂದಿಳಿದಳು. ಅಂಥ ಸೆಕೆಯಲ್ಲೂ ಮೊಣಕೈ ಮುಚ್ಚುವ ರವಿಕೆ ತೊಟ್ಟಿದ್ದಳು. ತಲೆಗೆ ನೀರು ಹಾಕುತ್ತೇನೆಂದು ಬಚ್ಚಲಿಗೆ ಕರೆದುಕೊಂಡು ಹೋದ ತಾಯಿ ಮಗಳ ಬೆನ್ನು ನೋಡಿದಳು. ಬೆಲ್ಟಿನ ಬರೆ. ಹಳೆಯವು ಕಪ್ಪಾಗಿದ್ದವು, ಹೊಸವು ಇನ್ನೂ ಹಸಿಯಾಗಿದ್ದವು.

“ಮಾತೆತ್ತಿದ್ರೆ ರೋಗದೂರಿನೋಳು ಅಂತ ಒಡೀತಾರೆ ಅವ್ವ,” ಅಂದಳು ಮಗಳು. “ಇನ್ನು ನಾನು ಅಲ್ಲಿಗೆ ಓಗಾಕಿಲ್ಲ.”

ಅಷ್ಟರಲ್ಲಿ ಪಕ್ಕದ ಮನೆಯ ಅನಸೂಯಮ್ಮ ಗೋಡೆಯಾಚೆಯಿಂದ ಕೂಗಿದಳು. ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರೂ ಮೊದಲು ಗೊತ್ತಾಗುವುದು ಅವಳಿಗೆ.

“ನೀಲವ್ವಾ, ಮಗಳು ಬಂದಂಗೈತಲ್ಲ? ಒಬ್ಳೇ ಬಂದವ್ಳಲ್ಲ?”

ನೀಲಾಂಬಿಕೆಯ ನಾಲಿಗೆ ಅವಳಿಗಿಂತ ಮುಂಚೆ ಓಡಿತು. “ಊಂ ಕಣಕ್ಕ. ಮೈಯೆಲ್ಲ ಗಂಧೆ ಎದ್ದದೆ. ನೀರಿಗೆ ಬಂದವ್ಳೆ.”

ಆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಸುಳ್ಳು ಸಿಗುತ್ತಿರಲಿಲ್ಲ. ಗಂಡನ್ನ ಬಿಟ್ಟು ಬಂದವಳು ಅಂದರೆ ಬೀದಿಯೆಲ್ಲ ಆಡಿಕೊಳ್ಳುತ್ತದೆ. ನೀರಿಗೆ ಬಂದವಳು ಅಂದರೆ ತಿಂಗಳುಗಟ್ಟಲೆ ಇದ್ದರೂ ಯಾಕೆ ಅನ್ನುವವರಿಲ್ಲ. ಆದರೆ ಹೇಳಿದ ಮೇಲೆ ಅದರ ಹಾಗೆ ನಡೆಯಬೇಕಲ್ಲ. ಶಿವರಂಜನಿ ರೋಗಿಗಳ ಸಾಲಿನಲ್ಲಿ ನಿಂತು ಕೊಳಕ್ಕೆ ಇಳಿದಳು. ಬೆನ್ನು ಕಾಣಬಾರದೆಂದು ರವಿಕೆ ತೊಟ್ಟೇ ಮುಳುಗಿದಳು. ಅನಸೂಯಮ್ಮ ಊಟದ ಹೊತ್ತಿಗೇ ಇಣುಕುತ್ತಿದ್ದುದರಿಂದ ತಾಯಿಯ ಮನೆಯಲ್ಲಿ ಮಗಳು ಉಪ್ಪಿಲ್ಲದ ಸಾರು ಉಂಡಳು. ಗಟ್ಟಿಮುಟ್ಟಾದ ಹುಡುಗಿ ರೋಗಿಯ ಊಟ ಮಾಡುವುದನ್ನು ನೋಡಲಾರದೆ ಷಡಕ್ಷರಿ ತನ್ನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದ.

ಆದರೂ ಮಗಳ ಮುಖಕ್ಕೆ ಕಳೆ ಬಂತು. ಹಾಸಿಗೆ ಒಗೆದಳು, ರೂಮಿನವರಿಗೆ ಅಂಬಲಿ ಕೊಟ್ಟಳು, ಕೀಲು ಹಿಡಿದ ಮುದುಕಿಯರಿಗೆ ಹರಳೆಣ್ಣೆ ತಿಕ್ಕಿದಳು. ಒಂದು ಸಂಜೆ ಬೇವಿನ ಸೊಪ್ಪು ಬಿಡಿಸುತ್ತ ಕೂತಾಗ ಕೇಳಿಯೇಬಿಟ್ಟಳು.

“ಅವ್ವ, ನಾನು ಇಲ್ಲೇ ಇದ್ದುಬುಡ್ತೀನಿ. ಈ ಮನೆ ನಾನು ನೋಡ್ಕತೀನಿ. ಇರು ಅಂತ ಒಂದು ಮಾತು ಯೋಳವ್ವ.”

“ನೋಡಾನ ತಗಾ,” ಅಂದಳು ನೀಲಾಂಬಿಕೆ.

ನೋಡಾನ ಅಂದರೆ ಏನು? ಹೌದು ಅಂತಲೋ, ಇಲ್ಲ ಅಂತಲೋ? ಆ ಮಾತಿನ ಅರ್ಥ ಅವಳಿಗೂ ಗೊತ್ತಿರಲಿಲ್ಲ. ಮಗಳನ್ನು ಇಟ್ಟುಕೊಳ್ಳುವ ಆಸೆ ಎದೆ ತುಂಬ ಇತ್ತು. ನಂಜುಗೊಳದ ಹೆಣ್ಣು ಬಾಳಲಿಲ್ಲ ಅನ್ನುವ ಮಾತಿನ ಭಯವೂ ಅಷ್ಟೇ ಇತ್ತು. ಬಾಯಿಬಡುಕಿ ಎಂದು ಹೆಸರಾದವಳು ಬೇಕಾದ ಹೊತ್ತಿಗೆ ಬಾಯಿ ಕಟ್ಟಿಕೊಂಡಳು.

ಮಳೆ ಶುರುವಾಗುವ ಹೊತ್ತಿಗೆ ರಜನೀಶ ತನ್ನ ಸೋದರಮಾವನನ್ನು ಕರೆದುಕೊಂಡು ಬಂದ. ಹಣ್ಣು, ಹೂವು ತಂದಿದ್ದ. “ಅತ್ತೆ, ಇನ್ಮೇಲೆ ಹಾಗಾಗಲ್ಲ, ಲಿಂಗದಾಣೆ,” ಅಂದ. ಸೋದರಮಾವ, ನಾನಿದ್ದೀನಲ್ಲ ಎಂದು ಎದೆ ತಟ್ಟಿಕೊಂಡ. ಷಡಕ್ಷರಿ, “ಕರ್ಕಂಡೋಗಾಕೆ ಬಂದವ್ರಲ್ಲ, ಅದೇ ದೊಡ್ಡದು,” ಅಂದ. ಶಿವರಂಜನಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ತಾಯಿಯ ಮುಖವನ್ನೇ ನೋಡುತ್ತಿದ್ದಳು. ನೀಲಾಂಬಿಕೆ ಕಾಫಿಗೆ ಇಟ್ಟಳು.

ಹೊರಡುವಾಗ ನೀಲಾಂಬಿಕೆ ಮಡಿಲು ತುಂಬಲು ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಕುಪ್ಪಸದ ಬಟ್ಟೆ ಜೋಡಿಸಿಕೊಂಡು ಹೊರಗೆ ಬಂದಳು. ಬೀದಿಯ ನಾಲ್ಕಾರು ಹೆಂಗಸರು ಆಗಲೇ ಜಗಲಿಯ ಬಳಿ ಸೇರಿದ್ದರು. ಅನಸೂಯಮ್ಮ ಮೊರ ನೋಡಿ ಕೆನ್ನೆಗೆ ಕೈಯಿಟ್ಟುಕೊಂಡಳು.

“ಅಯ್ಯೋ, ಬುದ್ಧಿ ಎಲ್ಲಿಟ್ಟಿದ್ದೀಯೆ ನೀಲವ್ವ? ನೀರಿಗೆ ಬಂದೋಳ್ಗೆ ಮಡ್ಲು ತುಂಬ್ತಾರಾ? ಕಾಯಿಲೆ ಜತೇಲಿ ಓಗ್ಬೇಕಾ?”

ಎಲ್ಲರೂ ಹೌದೆಂದರು. ಅಳಿಯ ಕಾರಿನ ಬಾಗಿಲು ತೆರೆದು ನಿಂತಿದ್ದ. ಅವಳು ಮಗಳು, ರೋಗಿಯಲ್ಲ ಅನ್ನಬೇಕಾದರೆ ಬಂದದ್ದು ಯಾಕೆಂದು ಹೇಳಬೇಕಾಗುತ್ತಿತ್ತು. ನೀಲಾಂಬಿಕೆ ಮೊರವನ್ನು ಒಳಗಿಟ್ಟು ಚೊಂಬು ತಂದಳು.

ಶಿವರಂಜನಿ ಹೊಸಿಲು ದಾಟಿದಳು. ಆದರೆ ರಸ್ತೆಯ ಕಡೆ ತಿರುಗಲಿಲ್ಲ. ತಾಯಿಗೆ ಎದುರಾಗಿಯೇ ನಿಂತು, “ಓಯ್ತೀನಿ ಅವ್ವ,” ಅಂದಳು. ಅಂದು, ಕಾದಳು. ಹುಟ್ಟಿ ಬೆಳೆದ ಊರು, ಅವಳಿಗೆ ಪದ್ಧತಿ ಗೊತ್ತಿಲ್ಲವೇ? ಗೊತ್ತಿದ್ದೂ ಕಾದಳು. ಯಾರಿಗೂ ಕೇಳದ ಹಾಗೆ, ಬರೀ ತುಟಿಯಲ್ಲಿ ‘ಬಾ’ ಅಂದಿದ್ದರೂ ಅವಳಿಗೆ ಸಾಕಿತ್ತು.

“ಓಗು,” ಅಂದಳು ನೀಲಾಂಬಿಕೆ. “ತಿರ್ಗಿ ನೋಡ್ಬ್ಯಾಡ.” ನೀರು ಸುರಿದಳು.

ಇದೆಲ್ಲ ಬೀದಿಯವರ ಕಣ್ಣಿಗೆ ಮಾಡಿದ ನಾಟಕ, ಮಗಳಿಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಫೋನು ಮಾಡಿದಾಗಲೆಲ್ಲ ಮಗಳು “ಚೆನ್ನಾಗಿದ್ದೀನಿ” ಅಂದು ಇಟ್ಟುಬಿಡುತ್ತಿದ್ದಳು. ಪಕ್ಕದಲ್ಲಿ ಗಂಡನೋ ಅತ್ತೆಯೋ ಇರುತ್ತಾರೇನೋ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ನೀಲಾಂಬಿಕೆ ಆ ಒಂದು ಮಾತನ್ನು ಮುಂದೂಡುತ್ತ ಬಂದಳು.

ದೀಪಾವಳಿ ಕಳೆದ ಮೇಲೆ ಚನ್ನರಾಯಪಟ್ಟಣದಿಂದ ಫೋನು ಬಂತು. ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಳಂತೆ. ಇವರು ಹೋಗುವಷ್ಟರಲ್ಲಿ ಉಸಿರಿರಲಿಲ್ಲ.

ಪೊಲೀಸಿನವರು ಬಂದು ವಿಚಾರಿಸಿದರು. ರಜನೀಶನ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಮೊದ್ಲಿಂದ ಮೈ ಸರಿ ಇರ್ಲಿಲ್ಲ ಸಾ. ತೌರುಮನೆಗೆ ಓಗಿ ತಿಂಗಳುಗಟ್ಲೆ ನೀರು ಹಾಕಿಸ್ಕಂಡು ಬಂದಿದ್ಲು. ಬೇಕಾದ್ರೆ ಆ ಊರ್ನೆಲ್ಲ ಕೇಳಿ,” ಅಂದಳು. ಪೊಲೀಸಿನವರು ನೀಲಾಂಬಿಕೆಯ ಕಡೆ ತಿರುಗಿದರು. “ಹೌದೇನಮ್ಮ? ಕಾಯಿಲೆ ಅಂತ ನಿಮ್ಮನೆಗೆ ಬಂದಿದ್ಲಾ?” ಇಲ್ಲ ಅಂದರೆ ಇಡೀ ಬೀದಿ ಸುಳ್ಳು ಅನ್ನುತ್ತದೆ. ಅವಳೇ ಕೈಯಾರ ಕಟ್ಟಿದ ಸುಳ್ಳು ಈಗ ಅಳಿಯನ ಕಡೆ ಸಾಕ್ಷಿಯಾಗಿ ನಿಂತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಷಡಕ್ಷರಿ ತಲೆಯಾಡಿಸಿದ. ಮಗಳನ್ನು ಗಂಡನ ಊರಿನಲ್ಲೇ ಮಣ್ಣು ಮಾಡಿದರು.

ನಂಜುಗೊಳಕ್ಕೆ ವಾಪಸಾದ ಮೇಲೆ ಬೀದಿಯವರು ಮಾತಾಡಿಸಲು ಬಂದು ಪಡಸಾಲೆಯಲ್ಲಿ ಕೂತರು. ಅನಸೂಯಮ್ಮ ಒತ್ತಾಯ ಮಾಡಿ ಕಾಫಿ ಕುಡಿಸುತ್ತಿದ್ದಳು. ಆಗ ಬಂದವನು ರಾಮಣ್ಣ. ಹೊಳೆನರಸೀಪುರದ ಬಸ್ಸಿನ ಕಂಡಕ್ಟರ್, ಪಕ್ಕದ ಬೀದಿಯವನೇ, ಶಿವರಂಜನಿಯನ್ನು ಸ್ಕೂಲಿನ ಕಾಲದಿಂದ ಕಂಡವನು. ಕಂಬದ ಪಕ್ಕ ಕೂತು ಹೇಳಿದ.

“ಅಬ್ಬಕ್ಕೆ ಮುಂಚೆ ಒಂದಿನ ನರಸೀಪುರದ ಬಸ್‌ಸ್ಟ್ಯಾಂಡಾಗೆ ಕೂತಿದ್ಲು ಕಣಕ್ಕ. ಬ್ಯಾಗ್ ಮಡೀಕಂಡು. ಬೆಳಿಗ್ಗೆ ಟ್ರಿಪ್‌ನಾಗೂ ಕಂಡ್ಲು, ಸಂಜೆ ಟ್ರಿಪ್‌ನಾಗೂ ಅಲ್ಲೇ ಇದ್ಲು. ಬಾರವ್ವ, ಸೀಟೈತೆ, ಊರಿಗೋಗಾನ ಅಂದೆ. ‘ಬರಂಗಿಲ್ಲ ರಾಮಣ್ಣ ಮಾವ, ಅವ್ವ ನೀರು ಸುರಿದವ್ಳೆ’ ಅಂದ್ಲು. ಅದೂ ದಿಟವೇ ಅಲ್ವಾ, ವಾಸಿಯಾದೋರು ಬರಬಾರ್ದಲ್ಲ ಅಂತ ನಾನೂ ಬಲವಂತ ಮಾಡ್ಲಿಲ್ಲ. ರೈಟ್ ಅಂದ್ಬುಟ್ಟೆ.”

ನೀಲಾಂಬಿಕೆ ಲೋಟ ಕೆಳಗಿಟ್ಟಳು. ಒಂದೇ ಒಂದು ಬಸ್ಸಿನಷ್ಟು ದೂರಕ್ಕೆ ಬಂದು, ಹಗಲೆಲ್ಲ ಕೂತು, ಮಗಳು ಹಿಂದಕ್ಕೆ ಹೋಗಿದ್ದಳು. ಅದೂ ಎಲ್ಲಿಗೆ, ಆ ಮನೆಗೆ! ತಾಯಿಯ ಮಾತನ್ನು ಆ ಹುಡುಗಿ ಅಷ್ಟು ನಿಷ್ಠೆಯಿಂದ ನಡೆಸಿದ್ದಳು.

“ಅವ್ಳಿಗೆ ಯಾವ ಕಾಯಿಲೇನೂ ಇರ್ಲಿಲ್ಲ ರಾಮಣ್ಣ,” ಅಂದಳು. ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿತ್ತು. “ಗಂಡ ಬೆಲ್ಟಲ್ಲಿ ಒಡೀತಿದ್ದ. ತಪ್ಪಿಸ್ಕಂಡು ಬಂದಿದ್ಲು. ನೀರಿಗೆ ಬಂದವ್ಳೆ ಅಂತ ನಾನೇ ಸುಳ್ಳು ಯೋಳ್ದೆ.”

ಯಾರೂ ಗಾಬರಿಯಾಗಲಿಲ್ಲ. ಅನಸೂಯಮ್ಮ ಅವಳ ಬೆನ್ನು ಸವರಿದಳು.

“ಗೊತ್ತಿತ್ತು ಕಣ್ ನೀಲವ್ವ. ಕೊಳದಾಗೆ ಒದ್ದೆ ರವಿಕೆ ಮೈಗಂಟ್ಕಂಡ್ರೆ ಬರೆ ಕಾಣಾಕಿಲ್ವಾ? ಮೊದ್ಲ ದಿನವೇ ನೋಡ್ದೋ. ನೀನು ಮರ್ಯಾದೆಗೆ ನೀರು ಅಂದೆ, ನಿನ್ ಮರ್ಯಾದೆ ಉಳೀಲಿ ಅಂತ ನಾವೂ ಅಂಗೇ ಅಂದೋ.”

ನೀಲಾಂಬಿಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಂದರೆ ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಮಡಿಲು ತುಂಬಬಹುದಿತ್ತು. ಇರು ಅನ್ನಬಹುದಿತ್ತು. ಇಷ್ಟು ಜನರ ಕಣ್ಣಿಗೆ ಹೆದರಿ ಮಗಳನ್ನು ಕಳಿಸಿದ್ದಳು, ಆ ಕಣ್ಣುಗಳೆಲ್ಲ ಕಂಡೇ ಇದ್ದವು.

“ಅಂಗಾದ್ರೆ ಪೊಲೀಸ್ನೋರ ಮುಂದೆ ಬಂದು ಯೋಳ್ತೀರಾ? ಬರೆ ಕಂಡೋ ಅಂತ? ಅನಸೂಯಕ್ಕ, ಬತ್ತೀಯಾ?”

ಅನಸೂಯಮ್ಮ ಬೆನ್ನ ಮೇಲಿನ ಕೈ ತೆಗೆದಳು. ಎಮ್ಮೆ ಕರೆಯುವ ಹೊತ್ತಾಯಿತು ಅಂದಳು. ರಾಮಣ್ಣ ಕಿಸೆಯೊಳಗಿನ ಶೀಟಿ ತಡಕಿದ. ಷಡಕ್ಷರಿ ಗೋಡೆ ನೋಡುತ್ತ ಕೂತಿದ್ದ. ಸಾವಾದ ಮನೆಯಲ್ಲಿ ಹೇಳಿ ಹೋಗುವ ಪದ್ಧತಿ ಇಲ್ಲವಾದ್ದರಿಂದ, ಎಲ್ಲರೂ ಏನೂ ಹೇಳದೆ ಒಬ್ಬೊಬ್ಬರಾಗಿ ಎದ್ದು ಹೋದರು.